ಮಲಗಿಸುವುದು ಸುಲಭ, ಎಬ್ಬಿಸುವುದು ಕಷ್ಟ: ಲಿನಕ್ಸ್ ಕರ್ನಲ್ ಮತ್ತು ಯಂತ್ರದ ವಿದ್ಯುತ್ ನಿರ್ವಹಣೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಶಾಸನ, ಇತಿಹಾಸ ಎಂಬ ರೂಢಿಯಿದೆ. ಈ ಸಲ ಸಮಿತಿಯವರು ಕಂಪ್ಯೂಟರಿನ ಒಳಹೊಕ್ಕು ಮಾತಾಡಬೇಕಾದ ವಿಷಯವನ್ನು ಒಪ್ಪಿಕೊಂಡಿದ್ದಾರೆ. ಆ ಧೈರ್ಯಕ್ಕೆ ನನ್ನ ವಂದನೆಗಳು.

ಲಿನಕ್ಸ್ ಕರ್ನಲ್ ಯಂತ್ರದ ವಿದ್ಯುತ್ತನ್ನು ಹೇಗೆ ನಿಭಾಯಿಸುತ್ತದೆ, ಆ ನಿಭಾವಣೆ ಕೆಟ್ಟಾಗ ದೋಷವನ್ನು ಹೇಗೆ ಪತ್ತೆಹಚ್ಚಬೇಕು ಎಂಬುದು ಇವತ್ತಿನ ವಿಷಯ. ಈ ಸಭೆಯಲ್ಲಿ ಕರ್ನಲ್ ಕಂಪೈಲ್ ಮಾಡಿದವರೂ ಇದ್ದಾರೆ, ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ತುರುಕಿ ಬಸ್ಸು ಹತ್ತುವವರೂ ಇದ್ದಾರೆ. ಇಬ್ಬರ ಪ್ರಶ್ನೆಯೂ ಒಂದೇ. ಮುಚ್ಚಿದ ಯಂತ್ರ ನಿಜವಾಗಿ ಮಲಗಿತೇ? ತೆರೆದಾಗ ಏಳದೆ ಹೋದರೆ ತಪ್ಪು ಯಾರದು?

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ವಿದ್ಯುತ್ ಉಳಿಸುವ ಕೆಲಸ ಯಾರೊಬ್ಬರದೂ ಅಲ್ಲ. ಚಿಪ್ ಮಾಡಿದವರು, ಮದರ್‌ಬೋರ್ಡಿನ ಫರ್ಮ್‌ವೇರ್ ಬರೆದವರು, ಕರ್ನಲ್ ಬರೆದವರು, ಈ ಮೂವರೂ ಒಬ್ಬರಿಗೊಬ್ಬರು ಮಾತು ಕೊಟ್ಟಿರುತ್ತಾರೆ. ಒಬ್ಬರ ಮುಖ ಇನ್ನೊಬ್ಬರು ನೋಡಿರುವುದೇ ಅಪರೂಪ. ಇಲ್ಲಿ ಹುಟ್ಟುವ ದೋಷಗಳಲ್ಲಿ ಬಹುಪಾಲು ಯಾರೋ ಮಾತು ತಪ್ಪಿದ್ದರಿಂದ ಹುಟ್ಟಿದವು. ಆದ್ದರಿಂದ ಯಾವ ಹಂತದಲ್ಲಿ, ಯಾರ ಮಾತು ತಪ್ಪಿತು ಎಂದು ಗೊತ್ತುಮಾಡುವುದೇ ಇಲ್ಲಿ ರಿಪೇರಿಯ ಮುಕ್ಕಾಲು ಪಾಲು. ಅದನ್ನು ಗೊತ್ತುಮಾಡದೆ ಮಾಡಿದ ರಿಪೇರಿ ದೋಷವನ್ನು ಮರೆಮಾಡುತ್ತದೆ, ಅಷ್ಟೆ.

ಖರ್ಚು ಎಲ್ಲಾಗುತ್ತದೆ

ಮೊದಲು ಪ್ರೊಸೆಸರ್. ಕೆಲಸ ಮಾಡುವಾಗ ಅದು ನುಂಗುವ ವಿದ್ಯುತ್ತು ಗಡಿಯಾರದ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ‘ವರ್ಗ’ ಎಂಬುದನ್ನು ಗಮನಿಸಿ. ವೋಲ್ಟೇಜನ್ನು ಶೇ 20ರಷ್ಟು ಇಳಿಸಿದರೆ, ವೇಗ ಹಾಗೆಯೇ ಉಳಿದರೂ, ಈ ಖರ್ಚು ಶೇ 36ರಷ್ಟು ಇಳಿಯುತ್ತದೆ. ಆದರೆ ವೋಲ್ಟೇಜ್ ಇಳಿಸಬೇಕಾದರೆ ಸಾಮಾನ್ಯವಾಗಿ ವೇಗವನ್ನೂ ಇಳಿಸಬೇಕು. ಜೊತೆಗೆ, ಕೆಲಸವಿಲ್ಲದಾಗಲೂ ಟ್ರಾನ್ಸಿಸ್ಟರುಗಳಿಂದ ಒಂದಿಷ್ಟು ಸೋರಿಹೋಗುತ್ತಲೇ ಇರುತ್ತದೆ. ಹೀಗಾಗಿ ಉಳಿತಾಯಕ್ಕೆ ಎರಡು ದಾರಿ: ಕೆಲಸ ಕಡಿಮೆ ಇದ್ದಾಗ ನಿಧಾನವಾಗಿ ಓಡುವುದು, ಕೆಲಸವೇ ಇಲ್ಲದಾಗ ಮಲಗುವುದು.

ನಿಧಾನವಾಗಿ ಓಡಿಸುವ ಕೆಲಸ ಕರ್ನಲ್‌ನ ಸಿಪಿಯುಫ್ರೀಕ್ ವಿಭಾಗದ್ದು. ಎಷ್ಟು ವೇಗ ಬೇಕೆಂದು ತೀರ್ಮಾನಿಸುವವರಿಗೆ ಅಲ್ಲಿ ಗವರ್ನರ್ ಎಂದು ಹೆಸರು. ‘ಪರ್ಫಾರ್ಮೆನ್ಸ್’ ಯಾವಾಗಲೂ ಗರಿಷ್ಠ, ‘ಪವರ್‌ಸೇವ್’ ಯಾವಾಗಲೂ ಕನಿಷ್ಠ, ‘ಆನ್‌ಡಿಮ್ಯಾಂಡ್’ ಹೊರೆ ನೋಡಿ ಏರಿಸಿ ಇಳಿಸುವುದು. 2016ರ 4.7ನೇ ಆವೃತ್ತಿಯಲ್ಲಿ ಬಂದ ‘ಷೆಡ್‌ಯುಟಿಲ್’ ಕರ್ನಲ್‌ನ ಷೆಡ್ಯೂಲರ್ ಇಟ್ಟುಕೊಂಡಿರುವ ಲೆಕ್ಕವನ್ನೇ ನೇರವಾಗಿ ಬಳಸುತ್ತದೆ. ಇಲ್ಲಿ ಪದೇ ಪದೇ ಆಗುವ ಗೊಂದಲವೊಂದನ್ನು ಹೇಳಬೇಕು. ಇಂಟೆಲ್ ಯಂತ್ರಗಳಲ್ಲಿ 2013ರಿಂದ ಇರುವ ‘ಇಂಟೆಲ್_ಪಿಸ್ಟೇಟ್’ ಡ್ರೈವರಿನಲ್ಲೂ ಪವರ್‌ಸೇವ್ ಎಂಬ ಹೆಸರಿದೆ. ಅಲ್ಲಿ ಅದರ ನಡವಳಿಕೆ ಬೇರೆ. ಹೊರೆಗೆ ತಕ್ಕಂತೆ ಅದು ವೇಗವನ್ನು ಏರಿಸಿಯೇ ಏರಿಸುತ್ತದೆ. ಪರದೆಯ ಮೇಲೆ ಪವರ್‌ಸೇವ್ ಎಂದು ಕಂಡ ತಕ್ಷಣ ‘ಯಂತ್ರ ನಿಧಾನವಾಗಿರುವುದು ಇದರಿಂದಲೇ’ ಎಂದು ತೀರ್ಪು ಕೊಡುವ ಮೊದಲು ಯಾವ ಡ್ರೈವರ್ ಓಡುತ್ತಿದೆ ಎಂದು ನೋಡಬೇಕು. ಅದನ್ನು ಹೇಳುವ ‘ಸ್ಕೇಲಿಂಗ್_ಡ್ರೈವರ್’ ಎಂಬ ಫೈಲು ಗವರ್ನರ್ ಹೆಸರಿನ ಪಕ್ಕದಲ್ಲೇ ಇರುತ್ತದೆ.

ಮಲಗಿಸುವ ಕೆಲಸ ಸಿಪಿಯುಐಡಲ್ ವಿಭಾಗದ್ದು. ಪ್ರೊಸೆಸರಿನ ನಿದ್ದೆಗೆ ಹಲವು ಆಳಗಳಿವೆ. ಇವು ಸಿಸ್ಟೇಟ್‌ಗಳು; ಸಿ1, ಸಿ6, ಸಿ10 ಎಂದು ಅವನ್ನು ಕರೆಯುತ್ತಾರೆ. ಇಂಟೆಲ್‌ನ ಸ್ಕೈಲೇಕ್ ಪೀಳಿಗೆಗೆ ಕರ್ನಲ್ ಇಟ್ಟುಕೊಂಡಿರುವ ಪಟ್ಟಿ ನೋಡಿ. ಸಿ1ರಿಂದ ಏಳಲು 2 ಮೈಕ್ರೊಸೆಕೆಂಡ್ ಸಾಕು. ಸಿ6ರಿಂದ ಏಳಲು 85, ಸಿ10ರಿಂದ ಏಳಲು 890 ಮೈಕ್ರೊಸೆಕೆಂಡ್ ಬೇಕು. ಅದೇ ಪಟ್ಟಿಯ ಇನ್ನೊಂದು ಕಾಲಮ್ಮು, ಈ ನಿದ್ದೆ ಲಾಭದಾಯಕವಾಗಬೇಕಾದರೆ ಕನಿಷ್ಠ ಎಷ್ಟು ಹೊತ್ತು ಮಲಗಬೇಕು ಎಂದು ಹೇಳುತ್ತದೆ. ಸಿ6ಕ್ಕೆ ಅದು 200 ಮೈಕ್ರೊಸೆಕೆಂಡ್, ಸಿ10ಕ್ಕೆ 5,000. ಗಿರಾಕಿ ಇಲ್ಲವೆಂದು ಯಾವ ಅಂಗಡಿಯವನೂ ಎರಡು ನಿಮಿಷಕ್ಕೆ ಶಟರ್ ಎಳೆಯುವುದಿಲ್ಲ. ಮಧ್ಯಾಹ್ನ ಊಟಕ್ಕೆ ಹೊರಟಾಗ ಎಳೆಯುತ್ತಾನೆ. ಮುಂದಿನ ಗಿರಾಕಿ ಯಾವಾಗ ಬಂದಾನು ಎಂದು ಅಂದಾಜು ಮಾಡುವುದೇ ಸಿಪಿಯುಐಡಲ್ ಗವರ್ನರುಗಳ ಕಸುಬು.

ಈ ಲೆಕ್ಕ ಗೊತ್ತಾದರೆ ಹಳೆಯ ಕಥೆಯೊಂದು ಅರ್ಥವಾಗುತ್ತದೆ. ಲಿನಕ್ಸ್ 2.4ರಲ್ಲಿ ಸಾಮಾನ್ಯ ಪಿಸಿಯ ಗಡಿಯಾರ ಪ್ರೊಸೆಸರನ್ನು ಸೆಕೆಂಡಿಗೆ 100 ಸಲ ತಟ್ಟುತ್ತಿತ್ತು. 2.6ಕ್ಕೆ ಬಂದಾಗ ಅದನ್ನು 1,000ಕ್ಕೆ ಏರಿಸಿದರು. ಅಂದರೆ ಎರಡು ತಟ್ಟುಗಳ ನಡುವೆ ಬರೀ 1 ಮಿಲಿಸೆಕೆಂಡ್. 5 ಮಿಲಿಸೆಕೆಂಡ್ ಬಿಡುವು ಕೇಳುವ ಆಳದ ನಿದ್ದೆಗೆ ಅಲ್ಲಿ ಜಾಗವೇ ಇಲ್ಲ. 2007ರ ಏಪ್ರಿಲ್‌ನಲ್ಲಿ ಬಂದ 2.6.21ನೇ ಆವೃತ್ತಿ ಕೆಲಸವಿಲ್ಲದಾಗ ಈ ತಟ್ಟುವಿಕೆಯನ್ನೇ ನಿಲ್ಲಿಸುವ ವ್ಯವಸ್ಥೆ ತಂದಿತು. ಆಗ ಗೊತ್ತಾದದ್ದೇನೆಂದರೆ, ಕರ್ನಲ್ ಸುಮ್ಮನಾದರೂ ಅಪ್ಲಿಕೇಷನ್‌ಗಳು ಸುಮ್ಮನಿರುವುದಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಪವರ್‌ಟಾಪ್ ಎಂಬ ಸಾಧನ, ಪ್ರೊಸೆಸರನ್ನು ಸೆಕೆಂಡಿಗೆ ಎಷ್ಟು ಸಲ ಯಾವ ಪ್ರೋಗ್ರಾಂ ಎಬ್ಬಿಸುತ್ತಿದೆ ಎಂದು ಹೆಸರು ಹಿಡಿದು ತೋರಿಸಿತು. ಏನಾದರೂ ಬದಲಾಗಿದೆಯೇ ಎಂದು ಸುಮ್ಮಸುಮ್ಮನೆ ಇಣುಕುತ್ತಿದ್ದ ಎಷ್ಟೋ ಪ್ರೋಗ್ರಾಂಗಳನ್ನು ಆಮೇಲೆ ಅವುಗಳ ಕರ್ತೃಗಳೇ ತಿದ್ದಿಕೊಂಡರು. ಅಳತೆ ಕಣ್ಣಿಗೆ ಬಿದ್ದದ್ದರಿಂದ ಆದ ಕೆಲಸ ಅದು.

ಪ್ರೊಸೆಸರ್ ಬಿಟ್ಟು ಉಳಿದ ಸಾಧನಗಳ ಮಾತು. ಯಂತ್ರ ಎಚ್ಚರವಿದ್ದಾಗಲೇ ಬಳಕೆಯಲ್ಲಿಲ್ಲದ ಸಾಧನವನ್ನು ಮಲಗಿಸುವ ‘ರನ್‌ಟೈಮ್ ಪಿಎಂ’ ಚೌಕಟ್ಟು 2009ರ ಡಿಸೆಂಬರ್‌ನ 2.6.32ರಲ್ಲಿ ಸೇರಿತು. ಬರೆದವರು ಪೋಲೆಂಡಿನ ರಾಫೆಲ್ ವೈಸೋಕಿ; ಕರ್ನಲ್‌ನ ವಿದ್ಯುತ್ ನಿರ್ವಹಣಾ ವಿಭಾಗವನ್ನು ವರ್ಷಗಳಿಂದ ನಡೆಸಿಕೊಂಡು ಬಂದವರು. ಸಾಧನದ ‘ಪವರ್/ಕಂಟ್ರೋಲ್’ ಫೈಲಿನಲ್ಲಿ ‘ಆಟೊ’ ಎಂದಿದ್ದರೆ ಕರ್ನಲ್ ಅದನ್ನು ಮಲಗಿಸಬಹುದು, ‘ಆನ್’ ಎಂದಿದ್ದರೆ ಮಲಗಿಸಕೂಡದು. ಯುಎಸ್‌ಬಿ ಮೌಸ್ ಕೆಲವು ಸೆಕೆಂಡು ಮುಟ್ಟದಿದ್ದರೆ ಸತ್ತಂತಾಗುತ್ತದೆ ಎಂಬ ದೂರಿಗೆ ಮೊದಲು ನೋಡಬೇಕಾದ ಜಾಗ ಅದೇ.

ಮೂವರ ಒಪ್ಪಂದ

ಇನ್ನು ಇಡೀ ಯಂತ್ರವನ್ನು ಮಲಗಿಸುವ ವಿಷಯ. 1992ರಲ್ಲಿ ಇಂಟೆಲ್ ಮತ್ತು ಮೈಕ್ರೊಸಾಫ್ಟ್ ರೂಪಿಸಿದ ಎಪಿಎಂ ಪದ್ಧತಿಯಲ್ಲಿ ಯಜಮಾನಿಕೆ ಹೆಚ್ಚಾಗಿ ಮದರ್‌ಬೋರ್ಡಿನ ಫರ್ಮ್‌ವೇರ್ ಆದ ಬಯಾಸ್‌ನದಾಗಿತ್ತು. ಆಪರೇಟಿಂಗ್ ಸಿಸ್ಟಂ ಏನು ಮಾಡುತ್ತಿದೆ ಎಂಬುದು ಬಯಾಸ್‌ಗೆ ಗೊತ್ತಿಲ್ಲ. ಆದರೂ ತೀರ್ಮಾನ ಅದರದ್ದು. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೊಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ಹೊಸ ಒಪ್ಪಂದ ತಂದವು. ಇದರಲ್ಲಿ ತೀರ್ಮಾನ ಆಪರೇಟಿಂಗ್ ಸಿಸ್ಟಂನದು. ಹಾರ್ಡ್‌ವೇರನ್ನು ಹೇಗೆ ಮುಟ್ಟಬೇಕು ಎಂಬ ವಿವರ ಒದಗಿಸುವುದು ಫರ್ಮ್‌ವೇರಿನ ಹೊಣೆ. 2013ರಿಂದ ಈ ಮಾನದಂಡ ಯುಇಎಫ್‌ಐ ಫೋರಂನ ಸುಪರ್ದಿಯಲ್ಲಿದೆ.

ಆ ವಿವರ ಬರೀ ಪಟ್ಟಿಯ ರೂಪದಲ್ಲಿಲ್ಲ, ಅದೊಂದು ಪ್ರೋಗ್ರಾಂ. ಫರ್ಮ್‌ವೇರ್ ಕೊಡುವ ಡಿಎಸ್‌ಡಿಟಿ ಎಂಬ ಕೋಷ್ಟಕದಲ್ಲಿ ಎಎಂಎಲ್ ಎಂಬ ಬೈಟ್‌ಕೋಡ್ ಇರುತ್ತದೆ. ಅದನ್ನು ಓದಿ ನಡೆಸಲು ಕರ್ನಲ್‌ನೊಳಗೇ ಒಂದು ಇಂಟರ್‌ಪ್ರಿಟರ್ ಇದೆ; ಇಂಟೆಲ್ ಸಿದ್ಧಪಡಿಸಿದ ಎಸಿಪಿಐಸಿಎ ಅದರ ಹೆಸರು, ಫ್ರೀಬಿಎಸ್‌ಡಿ ಕೂಡ ಅದನ್ನೇ ಬಳಸುತ್ತದೆ. ಇದರ ಅರ್ಥ ಏನು ಗೊತ್ತೇ? ನಿಮ್ಮ ಕರ್ನಲ್‌ನ ಒಡಲಲ್ಲಿ, ಕರ್ನಲ್‌ನ ಅಧಿಕಾರದಲ್ಲೇ, ಮದರ್‌ಬೋರ್ಡ್ ಕಂಪನಿಯ ಯಾರೋ ಬರೆದ ಪ್ರೋಗ್ರಾಂ ಓಡುತ್ತಿರುತ್ತದೆ. ಅದನ್ನು ಬರೆದವರು ಲಿನಕ್ಸ್‌ನಲ್ಲಿ ಒಮ್ಮೆಯೂ ಪರೀಕ್ಷಿಸಿರಲಿಕ್ಕಿಲ್ಲ. ಒಳ್ಳೆಯ ಸಂಗತಿಯೆಂದರೆ ಅದನ್ನು ನಾವು ಓದಬಹುದು. ‘ಎಸಿಪಿಐಡಂಪ್’ ಬಳಸಿ ಕೋಷ್ಟಕವನ್ನು ಹೊರತೆಗೆದು, ‘ಐಎಎಸ್‌ಎಲ್’ ಬಳಸಿ ಬಿಡಿಸಿದರೆ ಓದಬಲ್ಲ ರೂಪ ಸಿಗುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಲ್ಯಾಪ್‌ಟಾಪಿನ ಡಿಎಸ್‌ಡಿಟಿಯನ್ನು ಒಮ್ಮೆಯಾದರೂ ತೆರೆದು ನೋಡಬೇಕು.

ಈ ಒಪ್ಪಂದದ ಹಿಂದೆ ಪೈಪೋಟಿಯೂ ಇತ್ತು. 1999ರ ಜನವರಿ 24ರಂದು ಮೈಕ್ರೊಸಾಫ್ಟ್‌ನ ಬಿಲ್ ಗೇಟ್ಸ್ ಬರೆದ ಒಂದು ಇಮೇಲ್ ಮುಂದೆ ಅಮೆರಿಕದ ಅಯೋವಾ ರಾಜ್ಯದ ಮೊಕದ್ದಮೆಯೊಂದರಲ್ಲಿ ಸಾಕ್ಷ್ಯವಾಗಿ ಹೊರಬಿತ್ತು. ನಾವು ಕಷ್ಟಪಟ್ಟು ಎಸಿಪಿಐ ಮಾಡಿಸಿದರೆ ಲಿನಕ್ಸ್ ಏನೂ ಮಾಡದೆ ಅದರ ಲಾಭ ಪಡೆಯುತ್ತದಲ್ಲ, ಇದನ್ನು ವಿಂಡೋಸ್‌ಗೆ ಮಾತ್ರ ಒಗ್ಗುವಂತೆ ಮಾಡಲಾದೀತೇ ಎಂಬ ಯೋಚನೆ ಅದರಲ್ಲಿತ್ತು. ಕೊನೆಗೆ ಮಾನದಂಡವೇನೋ ಮುಕ್ತವಾಗಿಯೇ ಉಳಿಯಿತು. ಆದರೆ ಮಾನದಂಡ ಮುಕ್ತವಾಗಿದ್ದ ಮಾತ್ರಕ್ಕೆ ಫರ್ಮ್‌ವೇರ್ ನಿಷ್ಪಕ್ಷಪಾತಿಯಾಗಬೇಕೆಂದಿಲ್ಲ.

ಫರ್ಮ್‌ವೇರ್ ಕರ್ನಲನ್ನು ಕೇಳುವ ಒಂದು ಪ್ರಶ್ನೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ‘_ಓಎಸ್‌ಐ’ ಎಂಬ ವಿಧಾನದ ಮೂಲಕ ಅದು ‘ನೀನು ವಿಂಡೋಸ್‌ನ ಇಂಥ ಆವೃತ್ತಿಯೇ?’ ಎಂದು ಕೇಳುತ್ತದೆ. ಲಿನಕ್ಸ್ ‘ಹೌದು’ ಎನ್ನುತ್ತದೆ! ಹಾಗಾದರೆ ‘ನೀನು ಲಿನಕ್ಸೇ?’ ಎಂದು ಕೇಳಿದರೆ? 2007ರ 2.6.23ರಿಂದ ಲಿನಕ್ಸ್ ಅದಕ್ಕೆ ‘ಅಲ್ಲ’ ಎನ್ನುತ್ತದೆ. ತಮಾಷೆಯಾಗಿ ಕಂಡರೂ ಇದರ ಹಿಂದೆ ಅನುಭವವಿದೆ. ಕಾರ್ಖಾನೆಯಲ್ಲಿ ಪರೀಕ್ಷೆಯಾಗುವುದು ವಿಂಡೋಸ್ ದಾರಿ. ಫರ್ಮ್‌ವೇರಿನಲ್ಲಿ ಲಿನಕ್ಸ್‌ಗೆಂದೇ ಬೇರೆ ದಾರಿ ಇದ್ದರೆ ಅದರಲ್ಲಿ ಯಾರೂ ನಡೆದು ನೋಡಿರುವುದಿಲ್ಲ. ನಡೆದು ಸವೆದ ದಾರಿಯಲ್ಲೇ ಹೋಗುವುದು ಲೇಸು ಎಂದು ಕರ್ನಲ್‌ನವರು ತೀರ್ಮಾನಿಸಿದರು.

ನಿದ್ದೆಯ ಮೆಟ್ಟಿಲುಗಳು

ಯಂತ್ರ ಮಲಗುವಾಗ ಆಗುವುದೇನು ಎಂದು ಕ್ರಮವಾಗಿ ನೋಡೋಣ. ‘/ಸಿಸ್/ಪವರ್/ಸ್ಟೇಟ್’ ಎಂಬ ಫೈಲಿಗೆ ‘ಮೆಮ್’ ಎಂದು ಬರೆದ ಕೂಡಲೇ ಕರ್ನಲ್ ಮೊದಲು ಓಡುತ್ತಿರುವ ಪ್ರೋಗ್ರಾಂಗಳನ್ನೆಲ್ಲ ಇದ್ದಲ್ಲೇ ನಿಲ್ಲಿಸುತ್ತದೆ. ಆಮೇಲೆ ಒಂದೊಂದೇ ಸಾಧನದ ಡ್ರೈವರಿಗೆ ‘ನಿನ್ನ ಸಾಧನದ ಸ್ಥಿತಿ ನೆನಪಿಟ್ಟುಕೊಂಡು ಅದನ್ನು ಮಲಗಿಸು’ ಎನ್ನುತ್ತದೆ. ಮುಂದೆ ಸಾಧನಗಳು ಪ್ರೊಸೆಸರಿಗೆ ಕೊಡುವ ಕರೆಗಳಾದ ಇಂಟರಪ್ಟ್‌ಗಳು ನಿಲ್ಲುತ್ತವೆ, ಮೊದಲನೆಯದನ್ನು ಬಿಟ್ಟು ಉಳಿದ ಪ್ರೊಸೆಸರುಗಳು ಆರುತ್ತವೆ. ಕೊನೆಗೆ ಫರ್ಮ್‌ವೇರಿಗೆ ಕೈ ಒಪ್ಪಿಸಿದರೆ ಯಂತ್ರ ಎಸ್3 ಎಂಬ ಸ್ಥಿತಿಗೆ ಹೋಗುತ್ತದೆ. ಮೆಮೊರಿಗೆ ಮಾತ್ರ ಒಂದಿಷ್ಟು ವಿದ್ಯುತ್ತು; ಮಿಕ್ಕದ್ದೆಲ್ಲ ಬಹುತೇಕ ಆಫ್.

ಏಳುವುದು ಇದರ ತಿರುವುಮುರುವು. ಕಷ್ಟವಿರುವುದು ಅಲ್ಲೇ. ಮಲಗುವಾಗ ಸಾಧನಗಳೆಲ್ಲ ಸುಸ್ಥಿತಿಯಲ್ಲಿದ್ದವು. ಏಳುವಾಗ ಗ್ರಾಫಿಕ್ಸ್, ವೈಫೈ, ಡಿಸ್ಕ್ ಎಲ್ಲ ಈಗಷ್ಟೇ ವಿದ್ಯುತ್ತು ಕಂಡ ಹಸುಳೆಗಳಾಗಿರುತ್ತವೆ. ಡ್ರೈವರ್ ಮಾತ್ರ ಹಿಂದಿನದೆಲ್ಲ ನೆನಪಿದೆ ಎಂಬಂತೆ ಮುಂದುವರಿಯಬೇಕು. ದೋಷ ಬಂದರೆ ಅದನ್ನು ಹೇಳಲು ಪರದೆಯೂ ಇಲ್ಲ, ಬರೆದಿಡಲು ಡಿಸ್ಕೂ ಇಲ್ಲ. ಅವಿನ್ನೂ ಎದ್ದೇ ಇಲ್ಲ.

ಒಂದು ಪ್ರಸಂಗ ತೆಗೆದುಕೊಳ್ಳೋಣ. ಮುಚ್ಚಳ ತೆರೆದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಕ್ಯಾಪ್ಸ್‌ಲಾಕ್ ದೀಪ ಒತ್ತಿದರೂ ಹತ್ತುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಹಚ್ಚಿ, ಹಿಂದಿನ ಬೂಟಿನ ಲಾಗ್ ತೆಗೆದರೆ ಕೊನೆಯ ಸಾಲಿನಲ್ಲಿ ‘ಪಿಎಂ: ಸಸ್ಪೆಂಡ್ ಎಂಟ್ರಿ’ ಎಂದಷ್ಟೇ ಇದೆ. ಮಲಗಲು ಹೊರಟಿತು ಎಂಬುದು ಗೊತ್ತಾಯಿತು, ಎಲ್ಲಿ ಬಿತ್ತು ಎಂಬುದು ಗೊತ್ತಾಗಲಿಲ್ಲ. ಇಲ್ಲಿ ನೆರವಿಗೆ ಬರುವುದು ‘/ಸಿಸ್/ಪವರ್/ಪಿಎಂ_ಟೆಸ್ಟ್’. ಮೆಟ್ಟಿಲುಗಳನ್ನು ಅರ್ಧಕ್ಕೆ ಇಳಿದು, 5 ಸೆಕೆಂಡು ನಿಂತು, ವಾಪಸು ಹತ್ತುವ ವ್ಯವಸ್ಥೆ ಇದು. ಐದು ಹಂತಗಳಿವೆ: ಫ್ರೀಝರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್.

ಮೊದಲು ‘ಫ್ರೀಝರ್’ ಎಂದು ಬರೆದು ಮಲಗಿಸಿ. ಪ್ರೋಗ್ರಾಂಗಳು ನಿಂತು, ಮತ್ತೆ ನಡೆದರೆ ಮೊದಲ ಮೆಟ್ಟಿಲು ಗಟ್ಟಿ. ಇಲ್ಲಿಯೇ ಕೆಟ್ಟರೆ, 20 ಸೆಕೆಂಡು ಕಾದ ಮೇಲೆ ಯಾವ ಪ್ರೋಗ್ರಾಂ ನಿಲ್ಲಲು ಒಪ್ಪಲಿಲ್ಲ ಎಂದು ಕರ್ನಲ್ ಹೆಸರು ಸಮೇತ ಲಾಗ್‌ನಲ್ಲಿ ಬರೆಯುತ್ತದೆ. ಸಂಪರ್ಕ ಕಡಿದ ನೆಟ್‌ವರ್ಕ್ ಡ್ರೈವಿನ ಉತ್ತರಕ್ಕೆ ಕಾದು ಕೂತ ಪ್ರೋಗ್ರಾಂ ಆಗಾಗ ಹೀಗೆ ಸಿಕ್ಕಿಬೀಳುತ್ತದೆ. ಮುಂದಿನದು ‘ಡಿವೈಸಸ್’. ನಮ್ಮ ಪ್ರಸಂಗದ ಯಂತ್ರ ಇಲ್ಲಿ ಬಿದ್ದಿತು ಎಂದುಕೊಳ್ಳಿ. ಒಂದೇ ಪರೀಕ್ಷೆಯಲ್ಲಿ ಫರ್ಮ್‌ವೇರ್ ನಿರ್ದೋಷಿ ಎಂದಾಯಿತು, ಏಕೆಂದರೆ ಅದರ ಸರದಿ ಇನ್ನೂ ಬಂದೇ ಇರಲಿಲ್ಲ. ತಪ್ಪು ಡ್ರೈವರುಗಳಲ್ಲಿದೆ. ಈಗ ತೆಗೆಯಬಹುದಾದ ಡ್ರೈವರ್ ಮಾಡ್ಯೂಲುಗಳಲ್ಲಿ ಅರ್ಧವನ್ನು ತೆಗೆದು ಅದೇ ಪರೀಕ್ಷೆ ಮಾಡಿ. ಪಾಸಾದರೆ ಕಳ್ಳ ತೆಗೆದ ಅರ್ಧದಲ್ಲಿದ್ದಾನೆ. ಇಲ್ಲವಾದರೆ ಉಳಿದ ಅರ್ಧದಲ್ಲಿ. ನೂರು ಮಾಡ್ಯೂಲ್ ಇದ್ದರೂ ಏಳು ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಬೂಟ್ ಮಾಡುವಾಗ ಕರ್ನಲ್‌ಗೆ ಸೂಚನೆ ಕೊಡುವ ಬೂಟ್ ಸಾಲಿಗೆ ‘ನೋ_ಕನ್ಸೋಲ್_ಸಸ್ಪೆಂಡ್’ ಎಂದು ಸೇರಿಸಿದರೆ ಪರದೆ ಸಾಧ್ಯವಾದಷ್ಟು ಹೊತ್ತು ಎಚ್ಚರವಿದ್ದು ಕೊನೆಯ ಮಾತುಗಳನ್ನು ತೋರಿಸುತ್ತದೆ.

ಐದೂ ಹಂತ ಪಾಸಾಗಿ, ನಿಜವಾಗಿ ಮಲಗಿಸಿದಾಗ ಮಾತ್ರ ಏಳದಿದ್ದರೆ? ಆಗ ಅನುಮಾನ ಫರ್ಮ್‌ವೇರಿನ ಮೇಲೆ, ಇಲ್ಲವೇ ವಿದ್ಯುತ್ತು ಕಳೆದುಕೊಂಡ ಸಾಧನವನ್ನು ಮತ್ತೆ ಸಜ್ಜುಗೊಳಿಸುವ ಕೋಡಿನ ಮೇಲೆ. ಅದಕ್ಕೆ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ 2006ರಲ್ಲಿ ಒಂದು ಉಪಾಯ ಮಾಡಿದರು: ಪಿಎಂ_ಟ್ರೇಸ್. ಸತ್ತು ಮತ್ತೆ ಬೂಟ್ ಆದ ಪಿಸಿಯಲ್ಲಿ ಅಳಿಯದೆ ಉಳಿಯುವುದು ಬ್ಯಾಟರಿಯಿಂದ ನಡೆಯುವ ಗಡಿಯಾರ. ಏಳುವ ದಾರಿಯ ಪ್ರತಿ ಹಂತದಲ್ಲೂ ಕರ್ನಲ್ ತಾನೆಲ್ಲಿದ್ದೇನೆ ಎಂಬುದನ್ನು ಒಂದು ಸಂಖ್ಯೆಯಾಗಿಸಿ ಆ ಗಡಿಯಾರದ ತಾರೀಖು, ವೇಳೆಯೊಳಗೆ ಅಡಗಿಸುತ್ತದೆ. ಯಂತ್ರ ಸತ್ತರೆ, ಗಡಿಯಾರ ಮುಂದಕ್ಕೋಡಿ ಗುರುತು ಅಳಿಸುವ ಮೊದಲು, ಸುಮಾರು ಮೂರು ನಿಮಿಷದೊಳಗೆ ರೀಬೂಟ್ ಮಾಡಬೇಕು. ಆಗ ಲಾಗ್‌ನಲ್ಲಿ ‘ಮ್ಯಾಜಿಕ್ ನಂಬರ್’ ಎಂಬ ಸಾಲೂ, ಅದಕ್ಕೆ ಹೊಂದುವ ಫೈಲ್ ಮತ್ತು ಸಾಧನದ ಹೆಸರೂ ಕಾಣಿಸುತ್ತವೆ. ಯಂತ್ರದ ತಾರೀಖು ಎಲ್ಲೋ ಹೋಗಿರುತ್ತದೆ, ಸರಿಪಡಿಸಿಕೊಳ್ಳಿ.

ಈ ಸೌಲಭ್ಯಗಳು ನಿಮ್ಮ ಕರ್ನಲ್‌ನಲ್ಲಿ ಇರಬೇಕಾದರೆ ಅದನ್ನು ಕಟ್ಟುವಾಗ ‘ಪಿಎಂ_ಡೀಬಗ್’, ‘ಪಿಎಂ_ಟ್ರೇಸ್_ಆರ್‌ಟಿಸಿ’ ಆಯ್ಕೆಗಳನ್ನು ಹಾಕಿರಬೇಕು. ನಿಮ್ಮದು ಸ್ವಂತ ಕರ್ನಲ್ ಆದರೆ ಮೆನುಕಾನ್ಫಿಗ್‌ನ ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ ನೋಡಿ. ಇಲ್ಲವಾದರೆ ಬೂಟ್ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿ ಹುಡುಕಿ. ಯಂತ್ರ ಏಳುತ್ತದೆ, ಆದರೆ ತಡವಾಗಿ ಏಳುತ್ತದೆ ಎಂಬುದು ದೂರಾದರೆ ಕರ್ನಲ್ ಮೂಲದ ಜೊತೆಗೇ ಬರುವ ‘ಸ್ಲೀಪ್‌ಗ್ರಾಫ್’ ಯಾವ ಸಾಧನ ಎಷ್ಟು ಮಿಲಿಸೆಕೆಂಡ್ ತಿಂದಿತು ಎಂದು ಚಿತ್ರವಾಗಿ ಬಿಡಿಸಿ ಕೊಡುತ್ತದೆ.

ಎಸ್3 ಮರೆಯಾದ ಮೇಲೆ

ಈ ಹತ್ತು ಹನ್ನೆರಡು ವರ್ಷಗಳಲ್ಲಿ ನಿದ್ದೆಯ ಸ್ವರೂಪವೇ ಬದಲಾಗಿದೆ. ಫೋನಿನಂತೆ ಮಲಗಿದಾಗಲೂ ಸಂದೇಶ ಬರಬೇಕು, ಮುಟ್ಟಿದ ಕ್ಷಣ ಏಳಬೇಕು ಎಂಬ ಬಯಕೆಯಿಂದ 2012ರಲ್ಲಿ ವಿಂಡೋಸ್ 8 ‘ಕನೆಕ್ಟೆಡ್ ಸ್ಟ್ಯಾಂಡ್‌ಬೈ’ ತಂದಿತು. ವಿಂಡೋಸ್ 10ರಲ್ಲಿ ಅದು ‘ಮಾಡರ್ನ್ ಸ್ಟ್ಯಾಂಡ್‌ಬೈ’ ಆಯಿತು. ಇದರಲ್ಲಿ ಯಂತ್ರ ಎಸ್3ಗೆ ಹೋಗುವುದೇ ಇಲ್ಲ. ಲೆಕ್ಕಕ್ಕೆ ಎಚ್ಚರವಾಗಿಯೇ ಇದ್ದು, ಒಂದೊಂದು ಸಾಧನವೂ ಆದಷ್ಟು ಆಳವಾಗಿ ಮಲಗಬೇಕು. ಲಿನಕ್ಸ್‌ನಲ್ಲಿ ಇದಕ್ಕೆ ಸಮಾನವಾದದ್ದು 2013ರ 3.9ರಲ್ಲಿ ಬಂದ ‘ಫ್ರೀಝ್’. ಈಗ ಅದನ್ನು ಎಸ್2ಐಡಲ್ ಎನ್ನುತ್ತೇವೆ.

ವ್ಯತ್ಯಾಸ ಎಲ್ಲಿದೆ ನೋಡಿ. ಎಸ್3ಯಲ್ಲಿ ಫರ್ಮ್‌ವೇರ್ ಮುಖ್ಯ ಸ್ವಿಚ್ಚನ್ನೇ ಆರಿಸುತ್ತಿತ್ತು. ಎಸ್2ಐಡಲ್‌ನಲ್ಲಿ ಎಲ್ಲರೂ ಮಲಗಿದರಷ್ಟೇ ಚಿಪ್ ಆಳಕ್ಕಿಳಿಯುತ್ತದೆ. ಒಂದೇ ಒಂದು ಎಸ್‌ಎಸ್‌ಡಿಯೋ ಕಾರ್ಡ್ ರೀಡರೋ ಕಣ್ಣು ಬಿಟ್ಟುಕೊಂಡಿದ್ದರೆ ಇಡೀ ಯಂತ್ರ ಅರೆನಿದ್ದೆಯಲ್ಲಿ ರಾತ್ರಿ ಕಳೆಯುತ್ತದೆ. ಪರದೆ ಕಪ್ಪಾಗಿರುತ್ತದೆ, ಬ್ಯಾಗಿನೊಳಗೆ ಯಂತ್ರ ಬಿಸಿಯಾಗಿರುತ್ತದೆ, ಬೆಳಿಗ್ಗೆ ಬ್ಯಾಟರಿ ಬರಿದಾಗಿರುತ್ತದೆ. ಆದ್ದರಿಂದ ಈಗ ಕೇಳಬೇಕಾದ ಪ್ರಶ್ನೆ, ಮಲಗಿತೇ ಎಂಬುದಕ್ಕಿಂತ, ಎಷ್ಟು ಆಳವಾಗಿ ಮಲಗಿತು ಎಂಬುದು. ಇಂಟೆಲ್ ಯಂತ್ರಗಳಲ್ಲಿ ಸಿಪಿಯುಐಡಲ್ ಫೋಲ್ಡರಿನ ‘ಲೋ_ಪವರ್_ಐಡಲ್_ಸಿಸ್ಟಂ_ರೆಸಿಡೆನ್ಸಿ_ಯುಎಸ್’ ಎಂಬ ಉದ್ದ ಹೆಸರಿನ ಫೈಲು ಇದನ್ನು ಮೈಕ್ರೊಸೆಕೆಂಡುಗಳಲ್ಲಿ ಹೇಳುತ್ತದೆ. ಮಲಗಿಸುವ ಮೊದಲು ಓದಿಕೊಳ್ಳಿ, ಎದ್ದ ಮೇಲೆ ಓದಿ. ಸಂಖ್ಯೆ ಕದಲಿಲ್ಲವೆಂದರೆ ಚಿಪ್ ಒಂದು ಕ್ಷಣವೂ ಆಳದ ನಿದ್ದೆ ಕಂಡಿಲ್ಲ. ಇನ್ನೊಂದು ಮಾತು: ಪಿಎಂ_ಟೆಸ್ಟ್‌ನ ಕೊನೆಯ ಎರಡು ಹಂತಗಳು, ಪ್ರೊಸೆಸರ್ಸ್ ಮತ್ತು ಕೋರ್, ಎಸ್2ಐಡಲ್‌ಗೆ ಅನ್ವಯಿಸುವುದಿಲ್ಲ.

‘/ಸಿಸ್/ಪವರ್/ಮೆಮ್_ಸ್ಲೀಪ್’ ತೆರೆದರೆ ನಿಮ್ಮ ಯಂತ್ರಕ್ಕೆ ಯಾವ ನಿದ್ದೆಗಳು ಗೊತ್ತು ಎಂದು ತಿಳಿಯುತ್ತದೆ. ‘ಡೀಪ್’ ಎಂಬುದು ಅಲ್ಲಿದ್ದರೆ ಎಸ್3 ಇದೆ. ಇಲ್ಲದಿದ್ದರೆ ಫರ್ಮ್‌ವೇರ್ ಅದನ್ನು ಕೊಟ್ಟಿಲ್ಲ. ಬೂಟ್ ಸಾಲಿನಲ್ಲಿ ‘ಡೀಪ್’ ಎಂದು ಎಷ್ಟು ಸಲ ಬರೆದರೂ ಇಲ್ಲದ್ದು ಬರುವುದಿಲ್ಲ. 2018ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಆರನೇ ಪೀಳಿಗೆ ಎಸ್3 ಇಲ್ಲದೆಯೇ ಮಾರುಕಟ್ಟೆಗೆ ಬಂತು. ಬಳಕೆದಾರರು ಡಿಎಸ್‌ಡಿಟಿಯನ್ನು ಬಿಡಿಸಿ, ತಿದ್ದಿ, ಮತ್ತೆ ಕಟ್ಟಿ ಎಸ್3ಯನ್ನು ಹೊರತಂದರು. ಅದೇ ವರ್ಷ ಲೆನೊವೊ ಬಯಾಸ್ ಅಪ್‌ಡೇಟ್ ಕೊಟ್ಟು, ನಿದ್ದೆಯ ವಿಧಾನಕ್ಕೆ ‘ವಿಂಡೋಸ್ 10’ ಮತ್ತು ‘ಲಿನಕ್ಸ್’ ಎಂಬ ಎರಡು ಆಯ್ಕೆಗಳನ್ನು ಇಟ್ಟಿತು. ದೋಷ ಎಲ್ಲಿದೆ ಎಂದು ಕೋಷ್ಟಕದ ಸಾಲು ತೋರಿಸಿ ಹೇಳಬಲ್ಲ ಗ್ರಾಹಕರಿದ್ದರೆ ಫರ್ಮ್‌ವೇರೂ ಬದಲಾಗುತ್ತದೆ.

ಮಲಗಿದ ಯಂತ್ರ ತಾನಾಗಿಯೇ ಏಳುವುದು ಯಂತ್ರ ಏಳದು ಎಂಬುದರ ತದ್ವಿರುದ್ಧ ದೂರು. ಯಾವ ಇಂಟರಪ್ಟ್ ಎಬ್ಬಿಸಿತು ಎಂದು ‘ಪಿಎಂ_ವೇಕಪ್_ಐಆರ್‌ಕ್ಯೂ’ ಹೇಳುತ್ತದೆ. ಎಬ್ಬಿಸುವ ಹಕ್ಕು ಯಾರ್‍ಯಾರಿಗಿದೆ ಎಂಬ ಪಟ್ಟಿ ‘/ಪ್ರೊಕ್/ಎಸಿಪಿಐ/ವೇಕಪ್’ನಲ್ಲಿದೆ. ಅಲ್ಲಿ ಸಾಧನದ ಹೆಸರು ಬರೆದರೆ ಅದರ ಸ್ಥಿತಿ ಅದಲುಬದಲಾಗುತ್ತದೆ: ಆನ್ ಇದ್ದದ್ದು ಆಫ್, ಆಫ್ ಇದ್ದದ್ದು ಆನ್. ಯುಎಸ್‌ಬಿಯ ಹಕ್ಕು ಕಿತ್ತುಕೊಳ್ಳಲು ಬರೆದ ಸ್ಕ್ರಿಪ್ಟ್ ಎರಡು ಸಲ ಓಡಿದರೆ ಹಕ್ಕು ವಾಪಸು ಸಿಕ್ಕಿರುತ್ತದೆ. ಬರೆಯುವ ಮೊದಲು ಓದಿ ನೋಡುವ ಸ್ಕ್ರಿಪ್ಟ್ ಬರೆಯಬೇಕು.

ಒಂದು ಸಾಲಿನ ಪರಿಹಾರ

ಈಗ ನನ್ನ ವಾದದ ಮುಖ್ಯ ಭಾಗ. ಯಂತ್ರ ಏಳುವುದಿಲ್ಲ ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ ಬಗೆಯದು: ‘ಬೂಟ್ ಸಾಲಿಗೆ ಇದೊಂದು ಸೇರಿಸಿ, ಸರಿಹೋಗುತ್ತದೆ.’ ಎಷ್ಟೋ ಸಲ ಸರಿಹೋಗುತ್ತದೆ ಕೂಡ. ಅದರ ಬೆಲೆಯನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇಂಟೆಲ್‌ನ ಬೇ ಟ್ರೇಲ್ ಎಂಬ ಆಟಂ ಚಿಪ್ಪುಗಳಿದ್ದ ಅಗ್ಗದ ಯಂತ್ರಗಳು ಲಿನಕ್ಸ್‌ನಲ್ಲಿ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತಿದ್ದವು. ‘ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1’ ಎಂಬ ಸಾಲು ಬಾಯಿಂದ ಬಾಯಿಗೆ ಹರಡಿತು. ಹಾಕಿದವರ ಯಂತ್ರ ನಿಲ್ಲುವುದು ತಪ್ಪಿತು. ಪ್ರೊಸೆಸರ್ ಆಳವಾಗಿ ಮಲಗುವುದೂ ತಪ್ಪಿತು. ಬ್ಯಾಟರಿ ಬೇಗ ಇಳಿಯತೊಡಗಿದರೆ ‘ಲಿನಕ್ಸ್ ಹೀಗೇ’ ಎಂಬ ಗೊಣಗಾಟ. ಕಾರಣ ಬೂಟ್ ಸಾಲಿನಲ್ಲೇ ಕೂತಿದೆ ಎಂಬುದು ಮರೆತೇಹೋಗಿರುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ಕಥೆ. 2011ರ ಮಾರ್ಚ್‌ನಲ್ಲಿ ಬಂದ 2.6.38ನೇ ಕರ್ನಲ್ ಹಾಕಿದ ಮೇಲೆ ಕೆಲವು ಲ್ಯಾಪ್‌ಟಾಪ್‌ಗಳ ಬ್ಯಾಟರಿ ಮೊದಲಿಗಿಂತ ಬೇಗ ಖಾಲಿಯಾಗತೊಡಗಿತು. ಕಾರಣ ಎಎಸ್‌ಪಿಎಂ, ಅಂದರೆ ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಗಳನ್ನು ಬಿಡುವಿನಲ್ಲಿ ಮಲಗಿಸುವ ವ್ಯವಸ್ಥೆ. ‘ಈ ಯಂತ್ರದಲ್ಲಿ ಎಎಸ್‌ಪಿಎಂ ಬೇಡ’ ಎಂದು ಹೇಳಲು ಎಸಿಪಿಐನಲ್ಲಿ ಒಂದು ಬಿಟ್ ಇದೆ. ಆ ಬಿಟ್ ಕಂಡರೆ, ಬಯಾಸ್ ಆಗಲೇ ಹಚ್ಚಿಟ್ಟಿದ್ದರೂ ಸರಿ, ಎಎಸ್‌ಪಿಎಂ ಆರಿಸಿಬಿಡುವಂತೆ ಮ್ಯಾಥ್ಯೂ ಗ್ಯಾರೆಟ್ ಅವರು ಕರ್ನಲ್‌ಗೆ ಬದಲಾವಣೆ ಸೇರಿಸಿದ್ದರು. ಓದಿದರೆ ನ್ಯಾಯವಾದದ್ದೇ. ಆಗಲೂ ಒಂದು ಸಾಲಿನ ಪರಿಹಾರ ಓಡಾಡಿತು: ‘ಪಿಸಿಐಇ_ಎಎಸ್‌ಪಿಎಂ=ಫೋರ್ಸ್’. ಎಎಸ್‌ಪಿಎಂ ನಿಜವಾಗಿಯೂ ಕೈಲಾಗದ ಯಂತ್ರಗಳನ್ನು ಅದು ಕಟ್ಟಿಹಾಕಬಲ್ಲದು. ಗ್ಯಾರೆಟ್ ಮತ್ತೆ ಕೂತು ವಿಂಡೋಸ್ ಇಂಥಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಹುಡುಕಿದರು. ಆ ಬಿಟ್ ಇದ್ದರೆ ವಿಂಡೋಸ್ ಏನನ್ನೂ ಆರಿಸುವುದಿಲ್ಲ, ಬಯಾಸ್ ಹೇಗೆ ಇಟ್ಟಿದೆಯೋ ಹಾಗೆ ಬಿಟ್ಟುಬಿಡುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಒಪ್ಪಂದದ ಪತ್ರದಲ್ಲಿ ಒಂದು ಅರ್ಥ, ಒಪ್ಪಂದದ ರೂಢಿಯಲ್ಲಿ ಇನ್ನೊಂದು! ಅವರ ತಿದ್ದುಪಡಿ 2012ರ ಮಾರ್ಚ್‌ನ 3.3ನೇ ಆವೃತ್ತಿಯಲ್ಲಿ ಸೇರಿತು. ಅಂಥ ಲ್ಯಾಪ್‌ಟಾಪ್ ಇದ್ದವರೆಲ್ಲರ ಬ್ಯಾಟರಿ, ಅವರು ಬೂಟ್ ಸಾಲನ್ನು ಮುಟ್ಟದೆಯೇ, ಸುಧಾರಿಸಿತು.

ಎರಡೂ ಕಥೆಗಳಲ್ಲಿ ಲಕ್ಷಣ ನಿಂತಿತು. ಎರಡನೆಯದರಲ್ಲಿ ಮಾತ್ರ ಕಾರಣ ಸಿಕ್ಕಿತು. ಬೂಟ್ ಸಾಲಿನ ಪರಿಹಾರ ಹಾಕಲೇಬೇಡಿ ಎಂದು ನಾನು ಹೇಳುತ್ತಿಲ್ಲ. ನಾಳೆ ಪರೀಕ್ಷೆ ಇರುವ ವಿದ್ಯಾರ್ಥಿಗೆ ಇವತ್ತು ಯಂತ್ರ ನಡೆಯಬೇಕು. ಆದರೆ ಅದನ್ನು ಸಾಕ್ಷ್ಯವಾಗಿ ಕಾಣಿ. ‘ಸಿಸ್ಟೇಟ್ ಒಂದಕ್ಕೆ ಮಿತಿಗೊಳಿಸಿದರೆ ನಿಲ್ಲುವುದಿಲ್ಲ’ ಎಂಬುದು ದೋಷ ಆಳದ ನಿದ್ದೆಯ ಸುತ್ತ ಇದೆ ಎಂಬುದಕ್ಕೆ ಒಳ್ಳೆಯ ಸುಳಿವು. ಅದನ್ನು ಮುಟ್ಟಬೇಕಾದವರಿಗೆ ಮುಟ್ಟಿಸಿದರೆ ಪರಿಹಾರಕ್ಕೆ ದಾರಿಯಾಗುತ್ತದೆ.

ಮುಟ್ಟಿಸುವುದಕ್ಕೂ ಒಂದು ಕ್ರಮವಿದೆ. ಯಂತ್ರದ ಮಾದರಿ, ಬಯಾಸ್ ಆವೃತ್ತಿ, ಕರ್ನಲ್ ಆವೃತ್ತಿ, ಪಿಎಂ_ಟೆಸ್ಟ್‌ನ ಯಾವ ಹಂತದಲ್ಲಿ ಬಿತ್ತು, ಪೂರ್ತಿ ಲಾಗ್, ಎಸಿಪಿಐಡಂಪ್. ಹಿಂದಿನ ಕರ್ನಲ್‌ನಲ್ಲಿ ಸರಿಯಿದ್ದು ಹೊಸದರಲ್ಲಿ ಕೆಟ್ಟಿದ್ದರೆ ‘ಗಿಟ್ ಬೈಸೆಕ್ಟ್’ ಮಾಡಿ. ಎರಡು ಆವೃತ್ತಿಗಳ ನಡುವೆ ಹತ್ತು ಹದಿನೈದು ಸಾವಿರ ಬದಲಾವಣೆಗಳಿದ್ದರೂ ಸುಮಾರು 14 ಸುತ್ತಿನಲ್ಲಿ ತಪ್ಪಿತಸ್ಥ ಬದಲಾವಣೆ ಒಂದೇ ಉಳಿಯುತ್ತದೆ. ತಾಳ್ಮೆ ಬೇಕು, ಪಾಂಡಿತ್ಯ ಬೇಕಿಲ್ಲ. ಹೀಗೆ ಬಂದ ದೂರುಗಳ ಫಲವನ್ನು ಕರ್ನಲ್‌ನಲ್ಲಿ ಕಣ್ಣಾರೆ ನೋಡಬಹುದು. ಎಸಿಪಿಐ ವಿಭಾಗದ ‘ಸ್ಲೀಪ್’ ಎಂಬ ಮೂಲ ಫೈಲಿನಲ್ಲಿ ಲ್ಯಾಪ್‌ಟಾಪ್ ಮಾದರಿಗಳ ಒಂದು ಪಟ್ಟಿಯಿದೆ. ಇಂಥ ಮಾದರಿ ಕಂಡರೆ ಹೀಗೆ ನಡೆದುಕೋ ಎಂಬ ಸೂಚನೆ ಪ್ರತಿಯೊಂದರ ಜೊತೆಗಿದೆ.

ಇದು ನಮಗೆ ದೂರದ ಮಾತೇನಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದ ಲಾಗಾಯ್ತು ಚಿಪ್ ವಿನ್ಯಾಸ ನಮ್ಮ ನಾಡಿನಲ್ಲೇ ನಡೆಯುತ್ತಿದೆ. ನಾನು ಹೇಳಿದ ಮೂವರಲ್ಲಿ ಯಾರಾದರೂ ಒಬ್ಬರು ಇವತ್ತು ಇಲ್ಲಿ ಕೂತ ವಿದ್ಯಾರ್ಥಿಗಳ ಪೈಕಿಯೇ ಆಗಬಹುದು. ಅದಕ್ಕಾಗಿ ಕೆಲಸ ಸಿಗುವವರೆಗೆ ಕಾಯಬೇಕಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಒಂದೇ ಮಾದರಿಯ ಹಲವು ಯಂತ್ರಗಳಿರುತ್ತವೆ. ಕಂಪನಿಯ ಎಂಜಿನಿಯರ್‌ಗೂ ಸುಲಭವಾಗಿ ಸಿಗದ ಅನುಕೂಲ ಅದು. ಒಂದೇ ದೋಷ ಎಲ್ಲದರಲ್ಲೂ ಬರುತ್ತದೆಯೇ, ಒಂದರಲ್ಲಿ ಮಾತ್ರವೇ ಎಂದು ಒಂದು ಮಧ್ಯಾಹ್ನದಲ್ಲಿ ಹೇಳಬಹುದು. ಎಲ್ಲದರಲ್ಲೂ ಬಂದರೆ ಒಪ್ಪಂದ ಮುರಿದಿದೆ, ಒಂದರಲ್ಲಿ ಮಾತ್ರ ಬಂದರೆ ಆ ಯಂತ್ರದ ಬಿಡಿಭಾಗ ಕೆಟ್ಟಿದೆ. ಅಧ್ಯಾಪಕರು ಇದನ್ನು ಆಪರೇಟಿಂಗ್ ಸಿಸ್ಟಂ ಪ್ರಯೋಗಾಲಯದ ಒಂದು ಪ್ರಯೋಗವನ್ನಾಗಿಯೇ ಇಡಬೇಕೆಂದು ನನ್ನ ಕೋರಿಕೆ. ಬೂಟ್ ಸಾಲಿಗೆ ಸೇರಿಸಿದ ಪದದಿಂದ ಒಂದು ಯಂತ್ರ ನಡೆಯುತ್ತದೆ. ಕಾರಣ ಹುಡುಕಿ ಕರ್ನಲ್‌ಗೆ ಸೇರಿಸಿದ ಸಾಲಿನಿಂದ ಆ ಮಾದರಿಯ ಯಂತ್ರ ಇರುವವರೆಲ್ಲರ ಕೆಲಸ ನಡೆಯುತ್ತದೆ.